ಅಕ್ಕನಿಗೆ ಮೊದಲು

ನಮ್ಮ ಅಮ್ಮ ಹೊಸ ಸೀರೆಯನ್ನು ತಂದ ಹಾಗೆಯೇ ಉಟ್ಟದ್ದನ್ನು ನಾನು ಯಾವತ್ತೂ ನೋಡಲಿಲ್ಲ. ಅಮ್ಮ ಎಂದರೆ ಅಪ್ಪನ ತಾಯಿ. ನಮ್ಮ ಕಡೆ ಹೆತ್ತವಳು ಅವ್ವ, ಅಜ್ಜಿ ಅಮ್ಮ. ಸೀರೆಯ ಮಡಿಕೆ ಬಿಚ್ಚುವ ಮೊದಲು ಅವಳು ಅದನ್ನು ತನ್ನ ಕೊರಳಲ್ಲಿದ್ದ ಬೆಳ್ಳಿಯ ಬಿಲ್ಲೆಗೆ ಮುಟ್ಟಿಸುತ್ತಿದ್ದಳು. ಆಮೇಲೆ ನನ್ನನ್ನು ಕರೆದು, ಅದೇ ಸೀರೆಯನ್ನು ನನ್ನ ಹೆಗಲ ಮೇಲೆ ಹೊದಿಸಿ, ತುಸು ಹಿಂದೆ ಸರಿದು ನಿಲ್ಲುತ್ತಿದ್ದಳು. ಸೀರೆ ನನ್ನ ಪಾದ ದಾಟಿ ನೆಲದ ಮೇಲೆ ಬಿದ್ದಿರುತ್ತಿತ್ತು. ಹೊಸ ನೂಲಿನ ಗಂಜಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಯಾರಾದರೂ ಹೂಂ ಅನ್ನಲಿ ಎಂಬಂತೆ ಅಮ್ಮ ಕಾಯುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ, ಹಾಗಂದರೆ ಬೇಗ ಬಿಡುತ್ತಾಳೆ ಎಂದು. ಆಗ ಅವಳು ಸೀರೆಯನ್ನು ತೆಗೆದುಕೊಂಡು ಒಳಗಿನ ಕತ್ತಲು ಕೋಣೆಗೆ ಹೋಗಿ ಉಟ್ಟು ಬರುತ್ತಿದ್ದಳು. ಎಲ್ಲರ ಮನೆಯಲ್ಲೂ ಅಜ್ಜಿಯರು ಹೀಗೆಯೇ ಸೀರೆ ಉಡುತ್ತಾರೆ ಎಂದು ನಾನು ತಿಳಿದಿದ್ದೆ.

ಬಿಲ್ಲೆ ಹೆಬ್ಬೆರಳಿನ ಉಗುರಿನಷ್ಟು ಅಗಲವಿತ್ತು. ಅದರ ಮೇಲೆ ಒಬ್ಬ ಹೆಂಗಸಿನ ಆಕಾರ ಒತ್ತಿದ್ದರು. ಮೈಗೆ ಉಜ್ಜಿ ಉಜ್ಜಿ ಮುಖ ಸವೆದು, ನನ್ನ ಕಾಲಕ್ಕೆ ಉಳಿದದ್ದು ಎರಡು ಭುಜ ಮತ್ತು ಸೀರೆಯ ನೆರಿಗೆ ಮಾತ್ರ. ಅದನ್ನು ಮನೆಯಲ್ಲಿ ಬಿಲ್ಲೆ ಎಂದು ಯಾರೂ ಕರೆಯುತ್ತಿರಲಿಲ್ಲ. ಅದಕ್ಕೆ ಅಕ್ಕ ಎಂದು ಹೆಸರು. ಅಮ್ಮ ಸ್ನಾನಕ್ಕೆ ಹೋಗುವಾಗ, ಅಕ್ಕನ್ನ ತೆಗೆದು ಗೂಡಿನ್ಯಾಗ ಇಡು ಎಂದು ಅವ್ವನಿಗೆ ಹೇಳುತ್ತಿದ್ದಳು. ಅಜ್ಜ ತೀರಿಕೊಂಡಾಗ ನಾನು ಬಹಳ ಸಣ್ಣವಳು. ಅಮ್ಮನ ತಾಳಿ ತೆಗೆದ ಹೆಂಗಸರು ಬಿಲ್ಲೆಗೂ ಕೈ ಹಾಕಿದರಂತೆ. ಅಮ್ಮ ಅವರ ಕೈ ಹಿಡಿದು, ಗಂಡನ ಋಣ ಹರೀತು, ಇಕಿ ಋಣ ಎಲ್ಲಿ ಹರದೈತಿ ಅಂದಳಂತೆ. ಅಂದಿನಿಂದ ಅವಳ ಕೊರಳಲ್ಲಿ ಕರಿಯ ದಾರವೊಂದರಲ್ಲಿ ಆ ಬಿಲ್ಲೆ ಒಂದೇ ಉಳಿಯಿತು.

ನಮ್ಮ ಮನೆ ಯಲಬುರ್ಗಾದ ಹಳೆಯ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ಮುಂದೆ ಪಡಸಾಲೆ, ಅದರ ಹಿಂದೆ ದೇವರ ಜಗುಲಿ ಇದ್ದ ಕತ್ತಲು ಕೋಣೆ, ಪಕ್ಕದಲ್ಲಿ ಹೊಗೆ ಹಿಡಿದ ಅಡುಗೆಮನೆ. ಪಡಸಾಲೆಯ ಮಾಳಿಗೆಗೆ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲು ಬೆಳಿಗ್ಗೆ ಕಂಬದ ಬುಡದಲ್ಲಿರುತ್ತಿತ್ತು, ಮಧ್ಯಾಹ್ನ ಬೀಸುವ ಕಲ್ಲಿನ ಮೇಲಿರುತ್ತಿತ್ತು, ಅಪ್ಪ ತಾಲೂಕು ಕಚೇರಿಯಿಂದ ಬರುವ ಹೊತ್ತಿಗೆ ಗೋಡೆ ಹತ್ತಿರುತ್ತಿತ್ತು. ಅಮ್ಮ ಆ ಬಿಸಿಲಿನ ಜೊತೆ ಸರಿಯುತ್ತ ಕೂರುತ್ತಿದ್ದಳು. ಹೊಲ ಪಾಲಿಗೆ ಕೊಟ್ಟಿದ್ದರಿಂದ ಸುಗ್ಗಿಯಲ್ಲಿ ಜೋಳದ ಚೀಲಗಳು ಪಡಸಾಲೆಗೇ ಬರುತ್ತಿದ್ದವು. ಅವುಗಳ ಮೇಲೆ ಹತ್ತಿ ಕೂರಲು ನನಗೆ ಮಾತ್ರ ಅಪ್ಪಣೆ ಇತ್ತು. ಯಾಕೆ ನನಗೆ ಮಾತ್ರ ಎಂದು ನಾನು ಕೇಳಲಿಲ್ಲ. ಸಿಕ್ಕಿದ್ದಕ್ಕೆ ಕಾರಣ ಕೇಳುವ ವಯಸ್ಸಲ್ಲ ಅದು.

ಊಟದಲ್ಲೂ ಹಾಗೆಯೇ. ಹಂಚಿನಿಂದ ಇಳಿದ ಮೊದಲ ಹೋಳಿಗೆ, ಸಂಕ್ರಾಂತಿಯ ಮೊದಲ ಸಜ್ಜೆ ರೊಟ್ಟಿ, ಹೊಸ ಬೆಲ್ಲದ ಮೊದಲ ಚೂರು ನನ್ನ ತಟ್ಟೆಗೆ ಬೀಳುತ್ತಿತ್ತು. ಅಪ್ಪ ಹಸಿದು ಕೂತಿದ್ದರೂ ಅಮ್ಮ ಮಾತ್ರ, ಅಕ್ಕಗ ಮೊದ್ಲು ಅನ್ನುತ್ತಿದ್ದಳು. ಅವಳು ನನ್ನನ್ನು ಕರೆಯುತ್ತಿದ್ದದ್ದೂ ಅಕ್ಕ ಎಂದೇ. ನಮ್ಮ ಕಡೆ ಸಣ್ಣ ಹುಡುಗಿಯರನ್ನು ಮುದ್ದಿಗೆ ಅಕ್ಕ, ಅವ್ವ ಎಂದು ಕರೆಯುವುದು ರೂಢಿ, ಹಾಗಾಗಿ ಬಂದವರಿಗೆ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. ಅವಳ ಕರೆಯಲ್ಲಿ ಮುದ್ದಿಗಿಂತ ಬೇರೆ ಏನೋ ಇತ್ತು ಎಂದು ಈಗ ಅನ್ನಿಸುತ್ತದೆ. ಬಾಗಿಲು ತಟ್ಟಿ ಒಳಗೆ ಬರುವವರ ದನಿಯಲ್ಲಿ ಇರುತ್ತದಲ್ಲ, ಅಂಥದ್ದು. ಒಮ್ಮೆ ನಾನು ಮಾವಿನ ಉಪ್ಪಿನಕಾಯಿಯ ಭರಣಿ ಒಡೆದೆ. ಒಂದು ವರ್ಷದ ಉಪ್ಪಿನಕಾಯಿ ನೆಲದ ಮೇಲೆ ಹರಿಯುತ್ತಿತ್ತು. ಅವ್ವ ಲಟ್ಟಣಿಗೆ ಎತ್ತಿದಳು. ಅಮ್ಮ ನಡುವೆ ಬಂದು ನಿಂತಳು.

“ಹಿರ್ಯಾಳ ಮ್ಯಾಲೆ ಕೈ ಎತ್ತಬ್ಯಾಡ.”

“ಯಾರ್ರಿ ಅತ್ತಿ ಹಿರ್ಯಾಳು? ಮೂಗಿನ ಸಿಂಬಳ ಒರಸ್ಕೊಳ್ಳಾಕ ಬರೂದಿಲ್ಲ ಆಕಿಗೆ.”

“ನಿನಗೇನ ಗೊತ್ತು. ಸುಮ್ನಿರು.”

ಅವ್ವ ಲಟ್ಟಣಿಗೆ ಇಟ್ಟು, ಹುಡುಗೀನ ದೇವರ ಮಾಡಿ ಜಗುಲಿ ಮ್ಯಾಲೆ ಕುಂದ್ರಸ್ರಿ, ದಿನಾ ಊದಿನಕಡ್ಡಿ ನಾ ಹಚ್ಚತೀನಿ ಎಂದು ಗೊಣಗುತ್ತ ನೆಲ ಒರೆಸಿದಳು. ನನಗೆ ಏಟು ತಪ್ಪಿದ್ದಕ್ಕೆ ಖುಷಿಯಾಗಬೇಕಿತ್ತು. ಆದರೆ ಅಮ್ಮ ನನ್ನನ್ನು ನೋಡಿದ ರೀತಿಯಿಂದ ಹೆದರಿಕೆಯಾಯಿತು. ಅವಳು ನನ್ನನ್ನು ಕಾಪಾಡಿದವಳಂತೆ ಕಾಣಲಿಲ್ಲ. ನನ್ನಲ್ಲಿ ಕ್ಷಮೆ ಕೇಳುವವಳಂತೆ ಕಂಡಳು.

ನಮ್ಮ ಮನೆಯೊಳಕ್ಕೆ ಹಾಗಲಕಾಯಿ ಬರುತ್ತಿರಲಿಲ್ಲ. ಸಂತೆಯಲ್ಲಿ ಅವ್ವ ಅದರ ಗುಡ್ಡೆಯ ಮುಂದೆ ನಿಂತು ಆಸೆಯಿಂದ ನೋಡಿ ಮುಂದೆ ಹೋಗುತ್ತಿದ್ದಳು. ಕಾರಣ ಕೇಳಿದರೆ, ಅಕ್ಕಗ ಸೇರೂದಿಲ್ಲ ಎಂಬುದು ಅಮ್ಮನ ಉತ್ತರ. ಅಕ್ಕ ಎಂದರೆ ನಾನು ಎಂದೇ ನನ್ನ ತಿಳಿವಳಿಕೆ. ಹಾಗಾಗಿ ನನಗೆ ಹಾಗಲಕಾಯಿ ಸೇರುವುದಿಲ್ಲ ಎಂದು ನಾನೂ ಎಲ್ಲರಿಗೂ ಹೇಳುತ್ತಿದ್ದೆ. ಶಾಲೆಯಲ್ಲಿ ಗೆಳತಿಯ ಡಬ್ಬಿಯಲ್ಲಿ ಅದರ ಪಲ್ಯ ಕಂಡರೆ ಮುಖ ತಿರುಗಿಸುತ್ತಿದ್ದೆ. ಹಾಸ್ಟೆಲಿನಲ್ಲಿ ಅದನ್ನು ಮಾಡಿದ ದಿನ ಬರೀ ಮಜ್ಜಿಗೆ ಅನ್ನ ಉಣ್ಣುತ್ತಿದ್ದೆ. ಅದನ್ನು ಒಮ್ಮೆಯೂ ಬಾಯಿಗೆ ಹಾಕಿರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಅಮ್ಮನ ತವರು ಆನೆಗೊಂದಿಯ ಕಡೆ, ಹೊಳೆಯ ದಂಡೆಯ ಒಂದು ಹಳ್ಳಿ. ಭತ್ತ, ಬಾಳೆ, ಬಂಡೆಗಳ ಸೀಮೆ. ಅಲ್ಲಿಂದ ನಮ್ಮ ಎರೆಮಣ್ಣಿಗೆ ಬಂದಾಗ ಅವಳಿಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲವಂತೆ. ಅವಳ ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತಂತೆ. ಅವಳ ಅತ್ತೆ ಪ್ರತಿ ಸಲ, ಹಿರ್ಯಾಳು ಬಡಿಯೂದು ಹೆಂಗಿತ್ತು, ಇದು ಹೆಂಗೈತಿ ಅನ್ನುತ್ತಿದ್ದಳಂತೆ. ನಾನು ನೋಡುವ ಹೊತ್ತಿಗೆ ಅಮ್ಮನ ರೊಟ್ಟಿ ಹುಣ್ಣಿಮೆಯ ಚಂದ್ರನಷ್ಟು ದುಂಡಗೆ, ಎಲೆಯಷ್ಟು ತೆಳ್ಳಗೆ ಇರುತ್ತಿತ್ತು; ಓಣಿಯ ಹೆಂಗಸರು ಮದುವೆಗೆ ರೊಟ್ಟಿ ಬಡಿಯಲು ಅವಳನ್ನು ಕರೆಯುತ್ತಿದ್ದರು. ಅವಳಲ್ಲಿ ಹೊಳೆಯ ಕಡೆಯದು ಎಂದು ಉಳಿದದ್ದು ಒಂದೇ. ಬಾಳೆಹಣ್ಣಿನ ಅಂಗಡಿಯವರು ಬಿಸಾಡುತ್ತಿದ್ದ ಒಣಪಟ್ಟೆಗಳನ್ನು ಆರಿಸಿ ತಂದು, ನೀರು ಚಿಮುಕಿಸಿ, ಸೀಳಿ, ತೊಡೆಯ ಮೇಲೆ ಹೊಸೆದು ನಾರಿನ ಹುರಿ ಮಾಡುತ್ತಿದ್ದಳು. ಹೂ ಕಟ್ಟಲು, ಚೀಲದ ಬಾಯಿ ಕಟ್ಟಲು, ನನ್ನ ಜಡೆಗೆ ರಿಬ್ಬನ್ ಸಿಗದ ದಿನ ಜಡೆಗೆ. ಆ ಕೆಲಸ ಮಾಡುವಾಗ ಅವಳು ಬಿಲ್ಲೆಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಳು. ಅದು ಹುರಿಗೆ ಅಡ್ಡ ಬರುತ್ತದೆ ಎಂದೋ, ಬೇರೆ ಕಾರಣಕ್ಕೋ, ನನಗೆ ತಿಳಿಯದು.

ನನ್ನ ಹೆಸರು ನೀಲಾ. ಅಮ್ಮನ ಹೆಸರೂ ನೀಲವ್ವ. ಓಣಿಯಲ್ಲಿ ನಮ್ಮನ್ನು ದೊಡ್ಡ ನೀಲವ್ವ, ಸಣ್ಣ ನೀಲವ್ವ ಅನ್ನುತ್ತಿದ್ದರು. ಅಜ್ಜಿಯ ಹೆಸರನ್ನೇ ನನಗಿಟ್ಟಿದ್ದಾರೆ ಎಂದು ನಾನು ಹೆಮ್ಮೆಪಟ್ಟಿದ್ದೆ. ಪ್ರೌಢಶಾಲೆಗೆ ಸೇರಿದ ವರ್ಷ, ನಳದ ಹತ್ತಿರ ಕೊಡ ಹಿಡಿದು ನಿಂತಿದ್ದಾಗ ಓಣಿಯ ಒಬ್ಬ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಡಿಗೀನೂ ಥೇಟ ಸವತಿದ ಬಂದೈತಿ ನೋಡ್ರೆವಾ ಅಂದಳು. ಉಳಿದವರು ಅವಳನ್ನು ಸುಮ್ಮನಾಗಿಸಿದರು. ನಾನು ಕೊಡ ತುಂಬಿಸದೆ ಮನೆಗೆ ಬಂದು ಅವ್ವನನ್ನು ಕೇಳಿದೆ. ಅವ್ವ ಹಿಟ್ಟಿನ ಕೈ ತೊಳೆಯದೆ ಹೇಳಿದ್ದಿಷ್ಟು. ಅಜ್ಜನಿಗೆ ಅಮ್ಮನಿಗಿಂತ ಮೊದಲು ಒಬ್ಬ ಹೆಂಡತಿ ಇದ್ದಳು. ಮಕ್ಕಳಾಗುವ ಮೊದಲೇ ಜ್ವರ ಬಂದು ತೀರಿಕೊಂಡಳು. ಸತ್ತ ಹಿರಿಯಳು ಮುನಿಯಬಾರದೆಂದು ಎರಡನೆಯವಳ ಕೊರಳಿಗೆ ಅವಳ ಆಕಾರ ಒತ್ತಿದ ಬಿಲ್ಲೆ ಕಟ್ಟುತ್ತಾರೆ. ಉಡುವುದು, ಉಣ್ಣುವುದು ಎಲ್ಲ ಮೊದಲು ಅವಳಿಗೆ ತೋರಿಸಬೇಕು. ನಾನು ಹುಟ್ಟಿದಾಗ ಹಾಲು ಮುಟ್ಟದೆ ಒಂದೇ ಸಮನೆ ಅಳುತ್ತಿದ್ದೆನಂತೆ. ಹೆಂಗಸರು ತೊಟ್ಟಿಲ ಸುತ್ತ ಕೂತು, ಯಾರು ಬಂದೀರಿ ಹೇಳ್ರಿ ಎಂದು ಮನೆಯ ಸತ್ತವರ ಹೆಸರು ಒಂದೊಂದಾಗಿ ಕರೆದರಂತೆ. ಅಮ್ಮ ಬಗ್ಗಿ ಆ ಹಿರಿಯಳ ಹೆಸರು ಹೇಳಿದಾಗ ಅಳು ನಿಂತಿತಂತೆ. ಅವಳ ಹೆಸರೂ ನೀಲವ್ವ. ಇಬ್ಬರು ಹೆಂಡಿರಿಗೂ ಒಂದೇ ಹೆಸರು ಹೇಗೆ ಬಂತು ಎಂದು ನಾನು ಆಗ ಕೇಳಲಿಲ್ಲ. ಊರಲ್ಲಿ ನೀಲವ್ವಂದಿರಿಗೆ ಕೊರತೆ ಇರಲಿಲ್ಲ.

ಆ ಮಧ್ಯಾಹ್ನ ಅಮ್ಮ ಬೆಳಕಿಂಡಿಯ ಕೆಳಗೆ ಕೂತು ನಾರು ಹೊಸೆಯುತ್ತಿದ್ದಳು. ನಾನು ಅವಳ ಎದುರು ಕೂತೆ. ಯಾವ ಮಾತಿನಿಂದ ಶುರು ಮಾಡಬೇಕೆಂದು ತಿಳಿಯದೆ, ಆಕಿ ನಿನಗ ಕಾಡ್ತಿದ್ಲೇನು ಎಂದು ಕೇಳಿದೆ.

“ಯಾರು, ಅಕ್ಕನ? ನಾ ಆಕಿನ್ನ ನೋಡೇ ಇಲ್ಲ.”

“ಮತ್ತ ಯಾಕ ಹೆದರ್ತಿ?”

“ಹೆದರಿಕಿ ಎಲ್ಲಿ ಬಂತು? ಆಕಿ ಹಚ್ಚಿದ ಒಲಿ, ಆಕಿ ಸಾರಿಸಿದ ನೆಲ. ನಾ ಬಂದು ಕುಂತೀನಿ. ಒಂದ ಮಾತು ಕೇಳಿ ಉಂಡ್ರ ನನ್ನ ಗಂಟೇನ ಹೋಗತೈತಿ?”

“ಹೋಳಿಗಿ ಕೊಡೂವಾಗ, ನೀ ನನಗ ಕೊಡ್ತಿಯೋ, ಆಕಿಗೆ ಕೊಡ್ತಿಯೋ?”

ಅವಳು ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದಳು.

“ಕೊಡೂದಷ್ಟ ನನ್ನ ಕೈಯಾಗ ಐತಿ ಯವ್ವಾ. ತಗೊಳ್ಳೋರು ಯಾರಂತ ನನಗ್ಹೆಂಗ ಗೊತ್ತಾಗಬೇಕು?”

ಅವಳು ನನ್ನನ್ನು ಅಕ್ಕ ಅನ್ನದೆ ಯವ್ವಾ ಅಂದದ್ದು ನನಗೆ ನೆನಪಿರುವ ಮಟ್ಟಿಗೆ ಅದೊಂದೇ ಸಲ. ಆ ಉತ್ತರವನ್ನು ನಾನು ಬಹಳ ವರ್ಷ ಹೊತ್ತು ತಿರುಗಿದೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದುವಾಗ ಪ್ರಯೋಗಾಲಯದಲ್ಲಿ ಮೊದಲು ಕಲಿಸಿದ್ದು, ಚೀಟಿ ಇಲ್ಲದ ಬಾಟಲಿಯಲ್ಲಿ ಏನಿದೆ ಎಂದು ಊಹಿಸಬೇಡಿ, ಚೆಲ್ಲಿಬಿಡಿ ಎಂದು. ನನಗೆ ಆ ನಿಯಮ ಬಹಳ ಹಿಡಿಸಿತು. ಆದರೆ ಮನೆಯಲ್ಲಿ ನನಗೆ ಸಿಕ್ಕ ಪ್ರೀತಿಗೆ ಚೀಟಿ ಇತ್ತು, ಅದರ ಮೇಲೆ ನನ್ನ ಹೆಸರೇ ಇತ್ತು, ಒಳಗಿದ್ದದ್ದು ನನ್ನದು ಹೌದೋ ಅಲ್ಲವೋ ಎಂದು ಮಾತ್ರ ಗೊತ್ತಿರಲಿಲ್ಲ. ಅದನ್ನು ಚೆಲ್ಲುವುದಾದರೂ ಹೇಗೆ? ರಜೆಗೆ ಬಂದಾಗ ಅಮ್ಮ ಹೊಸ ಸೀರೆಯನ್ನು ಹೆಗಲಿಗೆ ಹೊದಿಸಲು ಬಂದರೆ ನಾನು ಏನೋ ನೆಪ ಹೇಳಿ ಎದ್ದುಹೋಗುತ್ತಿದ್ದೆ. ಅವಳು ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ನಾನು ಬಂದು ಹೂಂ ಅನ್ನುವವರೆಗೆ ಉಡುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡಳು. ಮಧ್ಯಾಹ್ನ ಉಂಡು ಗೋಡೆಗೆ ಒರಗಿದವಳು ಏಳಲಿಲ್ಲ. ಮಣ್ಣಿಗೆ ಒಯ್ಯುವ ಮೊದಲು ಬಿಲ್ಲೆಯನ್ನು ತೆಗೆಯಬೇಕೋ ಬೇಡವೋ ಎಂಬುದು ಅಲ್ಲಿ ನೆರೆದ ಯಾರಿಗೂ ತಿಳಿದಿರಲಿಲ್ಲ. ಅದನ್ನು ತಿಳಿದಿದ್ದವಳು ಅವಳೊಬ್ಬಳೇ. ಕೊನೆಗೆ ಅವ್ವ ದಾರ ಬಿಚ್ಚಿ ಬಿಲ್ಲೆಯನ್ನು ಜಗುಲಿಯ ಮೇಲೆ ದೇವರ ಪಕ್ಕದಲ್ಲಿಟ್ಟಳು. ಮಳೆಗಾಲ ಕಳೆಯುತ್ತ ಬಂತು. ಹಿರಿಯರ ಹಬ್ಬ ಎದುರಾಯಿತು. ಸತ್ತವರ ಒಬ್ಬೊಬ್ಬರ ಹೆಸರು ಹೇಳಿ, ಒಬ್ಬೊಬ್ಬರಿಗೂ ಹೊಸ ಬಟ್ಟೆ ಇಟ್ಟು, ಬೇರೆ ಬೇರೆ ಎಡೆ ಬಡಿಸಿ, ಕದ ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂತು ಅವರು ಉಣ್ಣಲೆಂದು ಕಾಯುವ ಹಬ್ಬ ಅದು. ಹೆಸರು ಹೇಳುವವನು ಮನೆಯ ಹಿರಿಯ ಗಂಡಸು. ಹೆಸರು ಹೇಳದಿದ್ದರೆ ಎಡೆ ಮುಟ್ಟುವುದಿಲ್ಲ ಎಂದು ನಂಬಿಕೆ. ಅಜ್ಜ ಹೋದ ಮೇಲೆ ಪ್ರತಿ ವರ್ಷ ಅಪ್ಪ ಜಗುಲಿಯ ಮುಂದೆ ನಿಂತು, ಅಜ್ಜನ ಹೆಸರಾದ ಮೇಲೆ ನೀಲವ್ವ ಎಂದು ಹೇಳಿ ಆ ಹಿರಿಯಳಿಗೆ ಒಂದು ಸೀರೆ ಇಡುತ್ತಿದ್ದ. ಅಮ್ಮ ಪಕ್ಕದಲ್ಲೇ ಕೈ ಮುಗಿದು ನಿಂತಿರುತ್ತಿದ್ದಳು. ತನ್ನ ಹೆಸರನ್ನು ಸತ್ತವರ ನಡುವೆ ಅವಳು ಪ್ರತಿ ವರ್ಷ ಕೇಳಿಸಿಕೊಂಡಿದ್ದಳು ಎಂದು ನನಗೆ ಹೊಳೆದದ್ದು ಆಮೇಲೆ.

ಹಬ್ಬದ ತಯಾರಿಗೆ ಅಪ್ಪನ ಅಕ್ಕ, ನನ್ನ ಸೋದರತ್ತೆ, ಕುಷ್ಟಗಿಯಿಂದ ಬಂದಳು. ನಾನೂ ಕೊಪ್ಪಳದ ಕಾಲೇಜಿಗೆ ರಜೆ ಹಾಕಿ ಬಂದಿದ್ದೆ. ಅಪ್ಪ ಅಮ್ಮನ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿ, ಕೆಳಗೆ ನೀಲವ್ವ ಎಂದು ಬರೆಸಿ ತಂದಿದ್ದ. ಪಡಸಾಲೆಯಲ್ಲಿ ಅದನ್ನು ಬಿಚ್ಚಿ ತೋರಿಸಿದ. ಹೊಸ ಸೀರೆಯನ್ನೂ ತೋರಿಸಿದ. ಒಂದೇ ಸೀರೆ. ಅತ್ತೆ ಇನ್ನೊಂದು ಎಲ್ಲಿ ಎಂದು ಕೇಳಿದಳು. ಅಪ್ಪ ಕಚೇರಿಯ ಮನುಷ್ಯ. ಎರಡು ಸಲ ಅದೇ ಹೆಸರು ಕರೆದರೆ ಯಾರೆಂದು ಬರಬೇಕು, ಇಬ್ಬರಿಗೂ ಸೇರಿ ಒಂದೇ ಎಡೆ, ಒಂದೇ ಸೀರೆ ಸಾಕು ಎಂದು ಅವನು ಯೋಚಿಸಿಟ್ಟಿದ್ದ.

“ಒಂದ ಹೆಸರಿಗೆ ಎರಡ ಎಡಿ ಹೆಂಗ ಇಡೂದಕ್ಕ?”

“ಅದು ನಮ್ಮವ್ವನ ಹೆಸರಲ್ಲ.”

“ಮತ್ತ ಯಾರದು?”

“ಅದೂ ಆ ಹಿರ್ಯಾಳದ. ಲಗ್ನದಾಗ ಅಕ್ಕಿಕಾಳಿನ ದಿನ ಸೊಸಿ ಹೆಸರು ಬದಲು ಮಾಡ್ತಾರಲ್ಲ, ಆವಾಗ ಈ ಮನಿಯವರು ಅದನ್ನ ಇಟ್ರು. ಬಾಯಿಗೆ ರೂಢಿ ಆಗೇತಿ, ಅದ ಇರ್ಲಿ ಅಂದ್ರಂತ. ನಮ್ಮವ್ವನ ಬಾಯಿಲೆ ಕೇಳೀನಿ ನಾ.” ಅತ್ತೆಯ ದನಿ ಏರಲಿಲ್ಲ. “ಇದ್ದಾಗ ಆಕಿ ಒಲಿ, ಆಕಿ ನೆಲ, ಆಕಿ ಹೆಸರು. ಸತ್ತ ಮ್ಯಾಲೂ ಆಕಿ ಎಡ್ಯಾಗ ಕೈ ಹಾಕಿ ಉಣ್ಣಬೇಕೇನು ನಮ್ಮವ್ವ?”

ಅಪ್ಪ ಚೌಕಟ್ಟನ್ನು ತಿರುಗಿಸಿ ಗೋಡೆಗೆ ಒರಗಿಸಿದ. ಹಾಗಾದರೆ ನಿಜವಾದ ಹೆಸರು ಹೇಳು, ಅದನ್ನೇ ಕರೆಯುತ್ತೇನೆ ಎಂದ. ಅತ್ತೆಗೆ ಅದು ಗೊತ್ತಿರಲಿಲ್ಲ. ಕೇಳಬೇಕು ಎಂದು ಯಾವತ್ತೂ ಅನ್ನಿಸಿರಲಿಲ್ಲ, ಅವ್ವಗ ಅವ್ವ ಅಂತ ಕರದ್ರ ಆತಲ್ಲ ಅಂದಳು. ಸರಕಾರದ ಕಾಗದಗಳಲ್ಲೆಲ್ಲ ಅವಳು ನೀಲವ್ವನೇ. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಇಷ್ಟು ದಿನ ನನ್ನ ಹೆಸರು ಮಾತ್ರ ಬೇರೆಯವರದು ಎಂದುಕೊಂಡಿದ್ದೆ. ಅಮ್ಮನೂ ನನ್ನ ಹಾಗೆಯೇ ಎಂದು ತಿಳಿದಾಗ ಸಮಾಧಾನ ಆಯಿತೋ, ದುಃಖವಾಯಿತೋ ಹೇಳಲಾರೆ. ಅತ್ತೆ ನನ್ನ ಕಡೆ ತಿರುಗಿ, ಓದಿದಾಕಿ ನೀ, ಹೋಗಿ ಕೇಳ್ಕೊಂಡ ಬಾ, ಆಕಿ ತವರಾಗ ಯಾರರೆ ಉಳದಿರಬೇಕು ಅಂದಳು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಕೊಪ್ಪಳ ದಾಟಿ, ಗಂಗಾವತಿಯಲ್ಲಿ ಇಳಿದು ಬೇರೆ ಬಸ್ಸು. ಅಕ್ಕಿ ಗಿರಣಿಗಳ ತವುಡಿನ ಧೂಳು ಕಿಟಕಿಯೊಳಗೆ ಬರುತ್ತಿತ್ತು. ಆಮೇಲೆ ಒಮ್ಮೆಲೇ ಹಸಿರು, ಕಾಲುವೆ ನೀರು, ಒಂದರ ಮೇಲೊಂದು ಇಟ್ಟಂಥ ಬಂಡೆಗಳು. ಇಲ್ಲಿಂದ ಹೊರಟ ಹುಡುಗಿಗೆ ನಮ್ಮ ಮರವಿಲ್ಲದ ಬಯಲು ಹೇಗೆ ಕಂಡಿರಬಹುದು ಎಂದು ಮೊದಲ ಬಾರಿಗೆ ಯೋಚಿಸಿದೆ. ಅಮ್ಮನ ತಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಅವನ ಹೆಂಡತಿ ಇದ್ದಳು. ಬಾಳೆಯ ತೋಟಕ್ಕೆ ಹೊಂದಿಕೊಂಡ ಮನೆಯ ಕಟ್ಟೆಯ ಮೇಲೆ ಕೂತು ಆ ಮುದುಕಿ ನಾರು ಸೀಳುತ್ತಿದ್ದಳು. ಸೀಳಿದ್ದನ್ನು ತೊಡೆಯ ಮೇಲೆ ಹೊಸೆಯುವ ರೀತಿ ನೋಡಿದ ಕೂಡಲೇ ನನ್ನ ಕಣ್ಣು ತುಂಬಿತು. ನಾನು ಯಾರೆಂದು ಹೇಳಿದೆ. ಅವಳು ನನ್ನ ಗದ್ದ ಹಿಡಿದು ನೋಡಿ, ಯಲಬುರ್ಗಾದಾಕಿ ಮೊಮ್ಮಗಳ ನೀ ಅಂದಳು. ಅದೇ ಅವರ ಮನೆಯಲ್ಲಿ ಅಮ್ಮನ ಹೆಸರು: ಯಲಬುರ್ಗಾದಾಕಿ. ನಮ್ಮ ಓಣಿಯ ಹಳಬರು ಅವಳನ್ನು ಹೊಳಿಸಾಲಿನಾಕಿ ಅನ್ನುತ್ತಿದ್ದದ್ದು ನೆನಪಾಯಿತು. ಇಲ್ಲಿ ಅಲ್ಲಿಯವಳು, ಅಲ್ಲಿ ಇಲ್ಲಿಯವಳು.

“ಆಕಿನ್ನ ಲಗ್ನಕ್ಕ ಮುಂಚೆ ಏನಂತ ಕರೀತಿದ್ರು ಅಮ್ಮಾ?”

“ನಾ ಈ ಮನಿಗೆ ಬರೂದ್ರಾಗ ಆಕಿನ್ನ ಕೊಟ್ಟ ಬಿಟ್ಟಿದ್ರು. ನಮ್ಮತ್ತಿ ಹುಡುಗಿ ಅಂತಿದ್ಲು. ನಮ್ಮನಿಯವರು ಅಕ್ಕ ಅಂತಿದ್ರು.”

“ಅಕ್ಕ?”

“ಹೂಂ ಮತ್ತ. ತಮ್ಮ ಅಂದ್ಮ್ಯಾಲೆ ಅಕ್ಕ ಅನ್ನದ ಏನಂತಾನ?”

ಸರಳವಾದ ಮಾತು. ಆದರೂ ಅದು ನನ್ನ ಲೆಕ್ಕವನ್ನೆಲ್ಲ ತಪ್ಪಿಸಿತು. ಅಮ್ಮ ನನ್ನನ್ನು ಅಕ್ಕ ಎಂದು ಕರೆದಾಗಲೆಲ್ಲ ಆ ಬಿಲ್ಲೆಯವಳನ್ನು ಕರೆಯುತ್ತಿದ್ದಾಳೆ ಎಂದು ನಾನು ಖಚಿತ ಮಾಡಿಕೊಂಡಿದ್ದೆ. ತನ್ನ ತವರಿನಲ್ಲಿ ತಾನು ಕಳೆದುಕೊಂಡು ಬಂದ ಕರೆಯೊಂದನ್ನು ನನಗೆ ಕೊಡುತ್ತಿದ್ದಿರಬಹುದೇ? ಅಥವಾ ಎರಡೂ ಅಲ್ಲದೆ, ಊರಲ್ಲಿ ಎಲ್ಲರೂ ಹುಡುಗಿಯರನ್ನು ಕರೆಯುವ ಹಾಗೆ ಸುಮ್ಮನೆ ಕರೆದಳೇ? ಮುದುಕಿ ಊಟಕ್ಕೆ ಎಬ್ಬಿಸಿದಳು. ಬಾಳೆ ಎಲೆಯ ಮೇಲೆ ಬಿಸಿ ಅನ್ನ, ಅದರ ಪಕ್ಕದಲ್ಲಿ ಹುರಿದ ಹಾಗಲಕಾಯಿ. ನನಗೆ ಇದು ಸೇರುವುದಿಲ್ಲ ಎಂದು ಎಂದಿನಂತೆ ಹೇಳಿದೆ. ಅವಳು ಬಡಿಸುವ ಕೈ ತಡೆದು ನಕ್ಕಳು.

“ನೀನೂ ಹಂಗ ಅಂತಿಯಾ? ನಿಮ್ಮಮ್ಮ ಸಣ್ಣಾಕಿ ಇದ್ದಾಗ ಹಾಗಲಕಾಯಿ ಅಂದ್ರ ಬೋಗಾಣಿ ಬಳದು ತಿಂತಿದ್ಲಂತ. ಮುಂದ ಒಮ್ಮಿ ಹಬ್ಬಕ್ಕ ಬಂದಾಗ ನಮ್ಮನಿಯವರು ಸಂತಿಗೆ ಹೋಗಿ ಹುಡುಕಿ ತಂದ್ರು. ನಾನ ಮಾಡಿ ಬಡಿಸೀನಿ. ಆಕಿ ನೋಡಿ, ಎಲಿ ಅಂಚಿಗೆ ಸರಿಸಿಟ್ಲು. ಈಗ ನಾ ಉಣ್ಣಂಗಿಲ್ಲ ಅಂದ್ಲು. ನಮ್ಮನಿಯವರು ಮತ್ತ ಈ ಮನ್ಯಾಗ ಅದನ್ನ ಮಾಡಿಸ್ಲಿಲ್ಲ, ತಾವು ಇರೂಮಟ.”

ಹೆಸರು ಸಿಗಲಿಲ್ಲ. ತೋಟದ ಬಾಳೆ ಎಲೆಗಳ ಒಂದು ಸುರುಳಿಯನ್ನು ಮುದುಕಿ ನಾರಿನಿಂದ ಕಟ್ಟಿ ನನ್ನ ಕೈಗೆ ಕೊಟ್ಟಳು. ಗಂಗಾವತಿಯ ಮಾರುಕಟ್ಟೆಯಲ್ಲಿ ಇಳಿದು ನಾನು ಹಾಗಲಕಾಯಿ ಕೊಂಡೆ. ಇನ್ನೊಂದು ಸೀರೆಯನ್ನೂ ಕೊಂಡೆ. ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅವ್ವ ಹಾಗಲಕಾಯಿಯ ಚೀಲವನ್ನು ನೋಡಿ, ಈ ವಯಸ್ಸಿನ್ಯಾಗ ಇದನ್ನ ಮಾಡೂದು ಮರೆತ ಹೋಗೇತಿ ನನಗ ಎಂದು ಹೇಳುತ್ತಲೇ ಬೀಜ ತೆಗೆಯಲು ಕೂತಳು.

ಅಮಾವಾಸ್ಯೆಯ ಮಧ್ಯಾಹ್ನ ಜಗುಲಿಯ ಮುಂದೆ ಸಾರಿಸಿ, ಲೋಬಾನದ ಹೊಗೆ ಹಾಕಿ ಎಡೆ ಬಡಿಸಿದೆವು. ಅಜ್ಜನದು ಒಂದು ತಟ್ಟೆ. ಹಿರಿಯಳದು ಇನ್ನೊಂದು ತಟ್ಟೆ, ಅದರಲ್ಲಿ ಜೋಳದ ರೊಟ್ಟಿ, ಹೋಳಿಗೆ. ಅವುಗಳಿಂದ ತುಸು ದೂರದಲ್ಲಿ ಬಾಳೆ ಎಲೆ. ಎಲೆಯ ಮೇಲೆ ಅನ್ನ, ಹೋಳಿಗೆ, ಹಾಗಲಕಾಯಿ. ಅಪ್ಪ ಕೈ ಮುಗಿದು ಅಜ್ಜನ ಹೆಸರು ಹೇಳಿದ. ನೀಲವ್ವ ಎಂದು ಹೇಳಿ ಮೊದಲ ಸೀರೆ ಇಟ್ಟ. ಬಾಳೆ ಎಲೆಯ ಮುಂದೆ ಬಂದು ನಿಂತ. ಏನು ಹೇಳಬೇಕೆಂದು ಹಿಂದಿನ ದಿನವೆಲ್ಲ ಅವನೂ ಅತ್ತೆಯೂ ಮಾತಾಡಿದ್ದರು, ಒಪ್ಪಂದಕ್ಕೆ ಬಂದಿರಲಿಲ್ಲ. ಕೊನೆಗೆ, ನಮ್ಮವ್ವ ಅಂದ. ಅಷ್ಟೇ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಿಂದ ಅಮ್ಮನಿಗೆ ತಿಳಿಯುತ್ತದೋ, ಲೋಕದಲ್ಲಿ ಸತ್ತ ಹೆಂಗಸರಲ್ಲಿ ಎಷ್ಟೋ ಜನ ಯಾರಿಗಾದರೂ ಅವ್ವಂದಿರೇ ಅಲ್ಲವೇ ಎಂದು ನನಗೆ ಅನ್ನಿಸಿತು. ಕದ ಮುಂದೆ ಮಾಡಲು ಎಲ್ಲರೂ ಹೊರಗೆ ನಡೆದರು. ಎರಡನೆಯ ಸೀರೆ ಇನ್ನೂ ನನ್ನ ಕೈಯಲ್ಲಿತ್ತು.

ಅದನ್ನು ಎಲೆಯ ಪಕ್ಕದಲ್ಲಿ ಇಡಲು ಬಗ್ಗಿದೆ. ಇಡಲಾಗಲಿಲ್ಲ. ಅಮ್ಮ ಇದನ್ನು ಹೀಗೆ ಉಡುವವಳಲ್ಲ. ಸೀರೆಯನ್ನು ಜಗುಲಿಯ ಮೇಲಿನ ಬಿಲ್ಲೆಗೆ ಮುಟ್ಟಿಸಿದೆ. ಆಮೇಲೆ ಮಡಿಕೆ ಬಿಚ್ಚಿ ನನ್ನ ಹೆಗಲಿಗೆ ಹೊದ್ದು ನಿಂತೆ. ಈಗ ಅದು ನೆಲಕ್ಕೆ ಬೀಳಲಿಲ್ಲ, ನನ್ನ ಎತ್ತರಕ್ಕೆ ಸರಿಯಾಗಿತ್ತು. ಲೋಬಾನದ ಹೊಗೆಯಲ್ಲಿ ಎದುರಿಗೆ ಯಾರೂ ಕಾಣಲಿಲ್ಲ. ಯಾರೋ ಕಾಯುತ್ತಿದ್ದಾರೆ ಎಂಬುದು ಮಾತ್ರ ಬೆನ್ನಿಗೆ ತಿಳಿಯುತ್ತಿತ್ತು. ಹೂಂ ಅಂದೆ. ಸೀರೆಯನ್ನು ಮಡಚಿ ಎಲೆಯ ಪಕ್ಕದಲ್ಲಿಡುವಾಗ ಅವಳನ್ನು ಏನೆಂದು ಕರೆಯಬೇಕೆಂದು ಯೋಚಿಸಿರಲಿಲ್ಲ. ಅಮ್ಮ ಎನ್ನಲು ಹೋದ ಬಾಯಿ ಬೇರೆ ಏನೋ ಹೇಳಿತು.

“ಉಟ್ಕೋ ತಂಗಿ.”

ನನ್ನ ದನಿಯೇ ಹೌದು. ಆದರೂ ನಾನು ಹಿಂದೆ ತಿರುಗಿ ನೋಡಿದೆ. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ, ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಕದ ಎಳೆದಳು. ನಾವೆಲ್ಲ ಕಟ್ಟೆಯ ಮೇಲೆ ಕೂತೆವು. ಒಳಗೆ ಏನೂ ಸದ್ದಿರಲಿಲ್ಲ.

ಕದ ತೆರೆದು ಎಡೆ ಎತ್ತಿದ ಮೇಲೆ ಅವ್ವ ನಮಗೆಲ್ಲ ಬಡಿಸಿದಳು. ಹಾಗಲಕಾಯಿಯ ಬೋಗಾಣಿ ಹಿಡಿದು ಬಂದವಳು ನನಗೆ ಸೇರುವುದಿಲ್ಲವೆಂದು ನನ್ನ ತಟ್ಟೆ ದಾಟಿ ಅಪ್ಪನ ಕಡೆ ಹೋದಳು. ನಾನು ತಟ್ಟೆ ಮುಂದೆ ಚಾಚಿದೆ. ಅವ್ವ ನನ್ನ ಮುಖ ನೋಡುತ್ತ ಒಂದು ಚಮಚ ಹಾಕಿದಳು. ಬೆಲ್ಲ, ಹುಣಸೆಹಣ್ಣು ಎಷ್ಟು ಹಾಕಿದ್ದರೂ ಕಹಿ ಹೋಗಿರಲಿಲ್ಲ, ನಾಲಗೆಯ ಬುಡದವರೆಗೂ ಇಳಿಯಿತು. ನನಗೆ ಅದು ಸೇರಿತೋ ಇಲ್ಲವೋ ಎಂದು ಎಲ್ಲರೂ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಆಮೇಲೆ ಇನ್ನೊಂದಿಷ್ಟು ಹಾಕು ಎಂದು ಕೇಳಿದೆ, ಕೇಳಿದವಳು ಯಾರೆಂದು ತಿಳಿಯದೆ.